ವಿಜಯನಗರದ ಮೇಲೆ ಹಾದುಹೋದ ವಿಮಾನ

ಗಿರಿಜಾದೇವಿ ಆ ಟೋಪಿಯನ್ನು ಎರಡೇ ಬೆರಳಲ್ಲಿ ಹಿಡಿದು ತಂದು ಟೀಪಾಯಿಯ ಮೇಲೆ ಇಟ್ಟಳು. ಇಟ್ಟಮೇಲೆ ಬೆರಳುಗಳನ್ನು ಸೆರಗಿಗೆ ಒರೆಸಿಕೊಂಡಳು.

ಬಿಳಿ ಬಟ್ಟೆ, ಕರಿ ಅಂಚು. ಸಾಹುಕಾರರ ಮನೆಯ ಕಾರ್ ಡ್ರೈವರುಗಳು ಹಾಕಿಕೊಳ್ಳುವಂಥ ಟೋಪಿ. ಒಮ್ಮೆಯೂ ಯಾರ ತಲೆಯನ್ನೂ ಏರಿದ ಹಾಗಿರಲಿಲ್ಲ.

"ಪೋಸ್ಟಲ್ಲಿ ಬಂತು. ನಮ್ಮ ಯಜಮಾನರು ಏರ್‌ಲೈನ್ಸ್ ಬಿಟ್ಟು ಇಪ್ಪತ್ತು ದಿನ ಆಗಿತ್ತು, ಅಷ್ಟೆ," ಎಂದಳು. "ಒಳಗೆ ಕಾಗದ ಇಲ್ಲ, ಹೆಸರಿಲ್ಲ. ಬರೀ ಇದು."

"ಸುತ್ತಿದ್ದ ಪೇಪರು ಇಟ್ಟಿದೀರಾ ಅಮ್ಮಾ?" ಇನ್ಸ್‌ಪೆಕ್ಟರ್ ಏಕಾಂತಯ್ಯ ಕೇಳಿದ.

ಇಟ್ಟಿದ್ದಳು. ಕಂದು ಕಾಗದದ ಮೇಲೆ ರಾಜಾಜಿನಗರದ ಅಂಚೆ ಮುದ್ರೆ ಸ್ಪಷ್ಟವಾಗಿ ಬಿದ್ದಿತ್ತು.

ಕ್ಯಾಪ್ಟನ್ ಪಂಚಾಕ್ಷರಿಯ ಫಿಯೆಟ್ ಕಾರು ಮಲ್ಲತ್ತಹಳ್ಳಿ ಕೆರೆಯಲ್ಲಿ ಸಿಕ್ಕಿ, ಅದರೊಳಗೆ ಅವನ ಹೆಣವೂ ಸಿಕ್ಕಿ ಇಂದಿಗೆ ಆರು ದಿನ. ಬಸವೇಶ್ವರನಗರದ ಈ ಹೊಸ ಮನೆಯ ಗೋಡೆಗೆ ಇನ್ನೂ ಎರಡನೇ ಕೋಟು ಸುಣ್ಣ ಬಿದ್ದಿರಲಿಲ್ಲ. ಅದರ ಮೇಲೆ ಯಜಮಾನನ ಫೋಟೋ ಆಗಲೇ ತೂಗುಬಿದ್ದಿತ್ತು.

ಏಕಾಂತಯ್ಯ ದಾವಣಗೆರೆ ಕಡೆಯವನು. ಹನ್ನೆರಡು ವರ್ಷದ ಸರ್ವೀಸಿನಲ್ಲಿ ಕಳ್ಳರನ್ನು ಕಂಡಿದ್ದ, ಕೊಲೆಗಾರರನ್ನು ಕಂಡಿದ್ದ. ವಿಮಾನ ಹಾರಿಸುವವರನ್ನು ಕಂಡಿರಲಿಲ್ಲ. ವಿಮಾನ ಹತ್ತಿಯೂ ಇರಲಿಲ್ಲ. ಈ ಆರು ದಿನದಲ್ಲಿ ಅವನಿಗೆ ಅರ್ಥವಾಗಿದ್ದು ಇಷ್ಟು: ಆ ಲೋಕದಲ್ಲಿ ಕೆಲಸ ಬಿಡುವುದು ಎಂದರೆ ಬರೀ ಕೆಲಸ ಬಿಡುವುದಲ್ಲ.

"ಯಾಕೆ ಬಿಟ್ರು ಅಂತ ಇನ್ನೊಂದು ಸಲ ಹೇಳಿ."

"ಹದಿನಾಲ್ಕು ವರ್ಷದಲ್ಲಿ ಒಂದು ದೀಪಾವಳಿಗೂ ಮನೇಲಿರಲಿಲ್ಲ. ಬಂದ್ರೆ ನಿದ್ದೆ, ಎದ್ರೆ ಪೆಟ್ಟಿಗೆ. ಅದ್ರ ಮೇಲೆ ಕಲ್ಕತ್ತಕ್ಕೆ ವರ್ಗ ಅಂತ ಆರ್ಡರ್ ಬಂತು. ಅದೇ ವಾರ ವಜ್ರಗಿರಿ ಸಿಮೆಂಟ್ಸ್‌ನವರು ಕರೆದ್ರು. ಅವರ ಧಣಿಗೆ ಸ್ವಂತ ವಿಮಾನ ಇದೆಯಲ್ಲ, ಎಂಟು ಸೀಟಿಂದು. ಇಲ್ಲೇ ಇರಬಹುದು ಅಂತ ಹೋದ್ರು."

"ಇಲ್ಲೇ ಇದ್ರಾ?"

"ಆ ಒಂದು ದೀಪಾವಳಿಗೆ ಇದ್ರು. ಆಮೇಲೆ ಊಟದ ಮಧ್ಯೆ ಫೋನು. ಧಣಿ ಬೀಗರ ಮನೆ ಸೀಮಂತಕ್ಕೆ ಹೋಗಿ ಕೂತ್ರೆ, ಇವರು ಒಂಬತ್ತು ಗಂಟೆ ವಿಮಾನದ ರೆಕ್ಕೆ ನೆರಳಲ್ಲಿ ಕೂತಿದ್ರಂತೆ." ಅವಳು ಟೋಪಿಯ ಕಡೆ ನೋಡಿದಳು. "ಇದನ್ನ ಕಳಿಸಿದೋರಿಗೆ ಅದು ಗೊತ್ತಿತ್ತೋ ಏನೋ."

"ಹಳೇ ಸ್ನೇಹಿತರು ಯಾರೂ ಬರ್ತಿರಲಿಲ್ವಾ?"

ಇಲ್ಲವೆಂದು ಗಿರಿಜಾದೇವಿ ತಲೆಯಾಡಿಸಿದಳು. ಕಲ್ಕತ್ತದ ಆರ್ಡರು ವಾಪಸ್ ಆಗುವವರೆಗೆ ಯಾರೊಬ್ಬರೂ ಕೆಲಸ ಬಿಡಬಾರದು, ಒಗ್ಗಟ್ಟಾಗಿ ನಿಲ್ಲಬೇಕು ಎಂದು ಪೈಲಟ್‌ಗಳೆಲ್ಲ ಸೇರಿ ಒಂದು ಕಾಗದಕ್ಕೆ ಸಹಿ ಹಾಕಿದ್ದರು. ಮೂವತ್ತೆರಡು ಜನರ ಸಹಿ. ಮನೆ ಮನೆಗೆ ಹೋಗಿ ಅದನ್ನು ಹಾಕಿಸಿದವನು ಪಂಚಾಕ್ಷರಿ. ಎಲ್ಲರಿಗಿಂತ ಮೊದಲು ಬಿಟ್ಟವನೂ ಪಂಚಾಕ್ಷರಿ.

"ಇವರ ಬದಲಿಗೆ ವೆಂಕಟಸ್ವಾಮಿಯವರನ್ನ ಕಲ್ಕತ್ತಕ್ಕೆ ಹಾಕಿದ್ರು. ಅವರೂ ಕ್ಯಾಪ್ಟನ್ನೇ. ಅವರ ಹೆಂಡತಿಗೆ ಆಗ ಏಳು ತಿಂಗಳು. ಅದನ್ನ ಇವರು ಬಾಯಿಬಿಟ್ಟು ಹೇಳ್ತಿರಲಿಲ್ಲ. ಆದ್ರೆ ಬೆಳಿಗ್ಗೆ ಪೂಜೆಗೆ ಕೂತಾಗ ಸುಮ್ನೆ ಕೂತುಬಿಡ್ತಿದ್ರು."

ವೆಂಕಟಸ್ವಾಮಿಯ ಮನೆ ರಾಜಾಜಿನಗರದಲ್ಲಿ ಎಂಬುದು ಏಕಾಂತಯ್ಯನಿಗೆ ಗೊತ್ತಿತ್ತು. ಆದರೆ ಸಾವಿನ ದಿನ ಅವನು ಕಲ್ಕತ್ತದಲ್ಲೇ ಇದ್ದ ಎಂದು ಅಲ್ಲಿಂದ ಟೆಲೆಕ್ಸ್ ಬಂದಿತ್ತು. ಕಳಿಸಿದ ಅಧಿಕಾರಿಯ ಹೆಸರು ಸಮೇತ.

"ಅಮ್ಮಾ, ಡಾಕ್ಟರು ಹೇಳಿದ ಒಂದು ಮಾತು ಕೇಳಬೇಕು. ಅವರ ಹೊಟ್ಟೇಲಿ ಅರ್ಧ ಕರಗಿದ ನಿದ್ದೆ ಮಾತ್ರೆ ಸಿಕ್ಕಿವೆ. ಬಹಳ."

ಅವಳು ಹೇಳಿದ ಮಾತು ಗಟ್ಟಿಯಾಗಿಯೇ ಇತ್ತು.

"ನೆಗಡಿ ಆದ್ರೂ ಶುಂಠಿ ಕಷಾಯನೇ ಕುಡೀತಿದ್ರು ಸಾರ್. ಹಾರಾಟ ಇರೋ ದಿನ ಕೆಮ್ಮಿನ ಔಷಧೀನೂ ಮುಟ್ಟೋರಲ್ಲ. ಅವತ್ತು ನಾಲ್ಕು ಗಂಟೆಗೆ ಹಾರಾಟ ಇತ್ತು. ಯೂನಿಫಾರ್ಮ್ ಹಾಕ್ಕೊಂಡು ಹನ್ನೊಂದೂವರೆಗೇ ಹೊರಟ್ರು. ದಾರೀಲಿ ಒಬ್ಬರನ್ನ ನೋಡಿಕೊಂಡು ಹೋಗ್ತೀನಿ ಅಂದ್ರು."

"ಯಾರನ್ನ?"

"ಹೇಳಲಿಲ್ಲ. ಆದ್ರೆ..." ತಡೆದು ಹೇಳಿದಳು. "ಅದಕ್ಕೆ ಹದಿನೈದು ದಿನದ ಮುಂಚೆ ಕೃಷ್ಣಯ್ಯ ಗೇಟ್ ಹತ್ರ ಬಂದು ಕೂಗಾಡಿದ್ರು. ಅದೇ ಕಂಪನೀಲಿ ಇವರಿಗಿಂತ ಮುಂಚೆ ಇದ್ದ ಪೈಲಟ್. 'ನಾನು ಬಿಟ್ಟ ಸೀಟಲ್ಲಿ ನೀನು ಬಹಳ ದಿನ ಕೂರಲ್ಲ' ಅಂದ್ರು. ನಾನೇ ಕಿವಿಯಾರೆ ಕೇಳಿದೀನಿ."

ಏಕಾಂತಯ್ಯ ಟೋಪಿಯನ್ನು ಕಂದು ಕಾಗದದಲ್ಲಿ ಮತ್ತೆ ಸುತ್ತಿಕೊಂಡ.

*

ಜೀಪು ಮಲ್ಲತ್ತಹಳ್ಳಿ ಕೆರೆಯ ಏರಿಯ ಮೇಲೆ ನಿಂತಾಗ ಹೆಡ್ ಕಾನ್‌ಸ್ಟೆಬಲ್ ದೊಡ್ಡಹನುಮಯ್ಯ ಕಾಯುತ್ತ ನಿಂತಿದ್ದ. ಪಕ್ಕದಲ್ಲಿ ಒಬ್ಬ ಮುದುಕಿ, ಸೊಂಟದ ಮೇಲೆ ಬಟ್ಟೆಯ ಗಂಟು.

ದೊಡ್ಡಹನುಮಯ್ಯ ಹೇರೋಹಳ್ಳಿಯವನು. ಈ ಕೆರೆಯಲ್ಲಿ ಈಜು ಕಲಿತವನು. ಕಾರು ಸಿಕ್ಕ ದಿನವೇ ಅವನು ಒಂದು ಮಾತು ಹೇಳಿದ್ದ: "ಗೊತ್ತಿಲ್ದೋರು ಇಲ್ಲಿಗ್ ಕಾರ್ ತರಕ್ಕಾಗಲ್ಲ ಸಾ. ಏರಿ ಮ್ಯಾಲಿಂದ ನೀರ್‌ಗಂಟ ಇಳಿಯಾದು ಒಂದೇ ದಾರಿ, ಎಮ್ಮೆ ದಾರಿ. ಅದು ಎಲ್ಲೈತೆ ಅಂತ ಎಮ್ಮೆಗ್ ಗೊತ್ತು, ನಮ್ಗ್ ಗೊತ್ತು."

ಕಾರು ಸಿಕ್ಕಾಗ ಗೇರು ನ್ಯೂಟ್ರಲ್‌ನಲ್ಲಿತ್ತು. ಯಾರೋ ಹಿಂದಿನಿಂದ ತಳ್ಳಿದ್ದರು. ನೀರು ಒಳಗೆ ನುಗ್ಗುವ ಮೊದಲೇ ಪಂಚಾಕ್ಷರಿಯ ಉಸಿರು ನಿಂತಿತ್ತು ಎಂದು ಡಾಕ್ಟರು ಹೇಳಿದ್ದರು. ಮಧ್ಯಾಹ್ನ ಎರಡು ಗಂಟೆಯ ಆಚೆಗೆ ಬದುಕಿರುವ ಸಾಧ್ಯತೆ ಇಲ್ಲ ಎಂದೂ ಹೇಳಿದ್ದರು. ಎಮ್ಮೆ ತೊಳೆಯಲು ಬಂದವರ ಕಣ್ಣಿಗೆ ಕಾರು ಬಿದ್ದದ್ದು ಸಂಜೆ ಐದಕ್ಕೆ.

"ಇವ್ರು ಚಿಕ್ಕಗಂಗಮ್ಮ ಅಂತ. ನಮ್ಮತ್ತೆ ವರಸೆ ಆಗ್ಬೇಕು. ಆರ್ ದಿನ ಬಾಯ್ ಬಿಟ್ಟಿರ್ಲಿಲ್ಲ, ಪೊಲೀಸು ಅಂದ್ರೆ ಭಯ," ಎಂದ ದೊಡ್ಡಹನುಮಯ್ಯ. "ಹೇಳು ಅತ್ತೆ. ಇವ್ರೇನೂ ಮಾಡಾಕಿಲ್ಲ."

ಚಿಕ್ಕಗಂಗಮ್ಮ ಗಂಟನ್ನು ಇನ್ನೊಂದು ಸೊಂಟಕ್ಕೆ ಬದಲಿಸಿದಳು.

"ಒಂದೂವರೆ ಬಸ್ಸು ಹೋದ್ಮ್ಯಾಕೆ ಸ್ವಾಮಿ. ನಾನು ಆ ಕಲ್ ತಾವ ಬಟ್ಟೆ ಒಗೀತಿದ್ದೆ. ಕಾರು ಬಂತು. ಒಳ್ಗೆ ಇಬ್ರು ಗಂಡಸ್ರು. ಓಡುಸ್ತಿದ್ದೋನ್ ಹೆಗಲ್ ಮ್ಯಾಲೆ ಇನ್ನೊಬ್ಬ ತಲೆ ಇಟ್ಕಂಡು ಮಲ್ಗಿದ್ದ. ಕುಡ್ದವ್ರೆ ಅನ್ಕಂಡು ನಾನು ಬಟ್ಟೆ ಎತ್ಕಂಡ್ ಹೊಂಟೋದೆ."

"ಓಡಿಸ್ತಿದ್ದೋನ ಮುಖ ನೋಡಿದ್ಯಾ?"

"ಕರೀ ಕನ್ನಡಕ ಹಾಕಿದ್ದ. ಮುಖ ಕಾಣ್ಲಿಲ್ಲ."

"ಬಟ್ಟೆ?"

"ಇಬ್ರುದೂ ಒಂದೇ ತರ. ಬಿಳೀ ಅಂಗಿ. ಇಬ್ರಿಗೂ ಹೆಗಲ್ ಮ್ಯಾಲೆ ಬಂಗಾರದ್ ಪಟ್ಟಿ ಇತ್ತು. ಬಿಸ್ಲಿಗೆ ಪಳಪಳ ಅಂತಿತ್ತು."

ಏಕಾಂತಯ್ಯ ದೊಡ್ಡಹನುಮಯ್ಯನ ಮುಖ ನೋಡಿದ. ಪಂಚಾಕ್ಷರಿಯನ್ನು ಕರೆತಂದು ನೀರಿಗೆ ತಳ್ಳಿದವನು ಇನ್ನೊಬ್ಬ ಪೈಲಟ್. ಅಥವಾ ಪೈಲಟ್‌ನ ಬಟ್ಟೆ ತೊಟ್ಟವನು.

"ಆಮೇಲೆ ಆತ ಹೆಂಗೆ ವಾಪಸ್ ಹೋದ?"

"ಅದ್ ನಾ ಕಾಣೆ," ಎಂದಳು ಚಿಕ್ಕಗಂಗಮ್ಮ. "ಏರಿ ಆಚೆಗೆ ಒಂದು ಸ್ಕೂಟ್ರು ನಿಂತಿತ್ತು. ನೀಲಿ ಸ್ಕೂಟ್ರು."

*

ಕೃಷ್ಣಯ್ಯನ ಮನೆ ವಿಜಯನಗರದಲ್ಲಿ, ಬಸ್ಸು ತಿರುಗುವ ರಸ್ತೆಗೆ ಎರಡು ಅಡ್ಡರಸ್ತೆ ಈಚೆ. ಕಾಂಪೌಂಡಿನೊಳಗೆ ಒಂದು ಸ್ಕೂಟರ್ ನಿಂತಿತ್ತು. ಬೂದು ಬಣ್ಣದ್ದು. ದೊಡ್ಡಹನುಮಯ್ಯ ಅದರ ಸುತ್ತ ಒಂದು ಸುತ್ತು ಬಂದು, ಬಣ್ಣವನ್ನು ಉಗುರಿನಿಂದ ಕೆರೆದು ನೋಡಿದ. ಕೆಳಗೂ ಬೂದುಬಣ್ಣವೇ.

ಕೃಷ್ಣಯ್ಯನಿಗೆ ಐವತ್ತು ದಾಟಿತ್ತು. ಕುಳ್ಳ, ಗಟ್ಟಿ ಮೈ, ಬಿಸಿಲಿಗೆ ಸುಟ್ಟ ಮುಖ. ಪೊಲೀಸರನ್ನು ಕಂಡು ಗಾಬರಿಯಾಗಲಿಲ್ಲ. ಬನ್ನಿ ಎಂದೂ ಹೇಳಲಿಲ್ಲ. ಒಳಗಿನಿಂದ ಅವನ ಹೆಂಡತಿ ಕಮಲಾಕ್ಷಮ್ಮ ಎರಡು ಕುರ್ಚಿ ತಂದು ಹಾಕಿ, ಬಾಗಿಲಿಗೆ ಒರಗಿ ನಿಂತಳು.

"ಹದಿಮೂರನೇ ತಾರೀಖು ಗುರುವಾರ ಎಲ್ಲಿದ್ರಿ?"

"ಮಾಳಿಗೆ ಮೇಲೆ. ನೀರಿನ ಟ್ಯಾಂಕು ತೊಳೀತಿದ್ದೆ."

"ನೋಡಿದೋರು?"

"ಇಡೀ ಬೀದಿ ನೋಡಿದೆ. ಕೆಸರು ನೀರು ಪಕ್ಕದ ಮನೆಯವರ ಹಪ್ಪಳದ ಮೇಲೆ ಬಿದ್ದು ಜಗಳ ಆಯ್ತು. ಹೋಗಿ ಕೇಳಿ."

ಏಕಾಂತಯ್ಯ ಕಣ್ಣಲ್ಲೇ ಸೂಚಿಸಿದ. ದೊಡ್ಡಹನುಮಯ್ಯ ಪಕ್ಕದ ಮನೆಗೆ ಹೋದ.

"ನಿಮ್ಮ ಯೂನಿಫಾರ್ಮ್ ತರಿಸಿ."

ಕಮಲಾಕ್ಷಮ್ಮ ಇಸ್ತ್ರಿ ಮಾಡಿದ ಬಿಳಿ ಅಂಗಿ ತಂದಳು. ಹೆಗಲಿನ ಮೇಲೆ ಬಂಗಾರದ ಬಣ್ಣದ ಮೂರು ಗೆರೆಯ ಪಟ್ಟಿ.

"ಕ್ಯಾಪ್ಟನ್‌ಗೆ ನಾಲ್ಕು ಗೆರೆ ಅಲ್ವಾ?"

"ಕ್ಯಾಪ್ಟನ್‌ಗೆ ನಾಲ್ಕು. ಪಕ್ಕದಲ್ಲಿ ಕೂರೋನಿಗೆ ಮೂರು." ಕೃಷ್ಣಯ್ಯ ಅಂಗಿಯನ್ನು ಕೈಗೆ ತೆಗೆದುಕೊಳ್ಳಲಿಲ್ಲ. "ಒಂಬತ್ತು ವರ್ಷ ನಾಲ್ಕೇ ಇತ್ತು. ಪಂಚಾಕ್ಷರಿ ಬಂದ ದಿನ ಮ್ಯಾನೇಜರ್ ಶಿವಬಸಪ್ಪ ಆಫೀಸಿಗೆ ಕರೆಸಿ, ನಾಲ್ಕು ಗೆರೆ ಜೋಡಿ ಬಿಚ್ಚಿಸಿ ಇಸ್ಕೊಂಡ. ಟೇಬಲ್ ಮೇಲೆ ಮೂರರದ್ದು ಇಟ್ಟ. ಸರೀ ಇದೆಯಾ ನೋಡಿ ಸೈನ್ ಮಾಡಿ ಅಂದ."

"ಆ ನಾಲ್ಕು ಗೆರೆ ಪಟ್ಟಿ ಈಗ ಎಲ್ಲಿದೆ?"

"ಅವನ ಡ್ರಾಯರಲ್ಲಿ ಇರಬೇಕು. ನನಗೇನು ಗೊತ್ತು?"

ಏಕಾಂತಯ್ಯ ಅದನ್ನು ಬರೆದುಕೊಂಡ. ಬರೆಯುವಾಗ ತಲೆ ಎತ್ತದೆ ಕೇಳಿದ: "ಕೋಪ ಬರಲಿಲ್ವಾ?"

"ಬರದೇ ಇರುತ್ತಾ?" ಕೃಷ್ಣಯ್ಯನ ದನಿ ಏರಿತು. "ನಾನು ಜಕ್ಕೂರಿನ ಫ್ಲೈಯಿಂಗ್ ಸ್ಕೂಲಲ್ಲಿ ಕಲಿತೋನು. ಹತ್ತಿ ಹೊಲಕ್ಕೆ ಔಷಧಿ ಹೊಡೆಯೋ ವಿಮಾನದಿಂದ ಶುರು ಮಾಡ್ದೋನು. ಒಂಬತ್ತು ವರ್ಷ ಆ ಧಣೀನ ಎಲ್ಲಿ ಬೇಕಾದ್ರೂ ಹೊತ್ಕೊಂಡು ಹೋಗಿ, ತಿರುಗಿ ತಂದು ಮನೆಗೆ ಬಿಟ್ಟಿದೀನಿ. ಒಂದಿನ ಯಾರೋ ಫಾರಿನ್‌ನವನು ಕೇಳಿದ್ನಂತೆ, ನಿಮ್ಮ ಪೈಲಟ್ ಯಾವ ಏರ್‌ಲೈನ್ಸಿಂದ ಬಂದೋನು ಅಂತ. ಅಲ್ಲಿಗೆ ಮುಗೀತು ನನ್ನ ಕತೆ."

"ಅದಕ್ಕೇ ಇದನ್ನ ಕಳಿಸಿದ್ರಾ?"

ಏಕಾಂತಯ್ಯ ಕಾಗದ ಬಿಚ್ಚಿ ಡ್ರೈವರ್ ಟೋಪಿಯನ್ನು ಅವನ ಮುಂದೆ ಹಿಡಿದ.

ಕೃಷ್ಣಯ್ಯ ಅದನ್ನು ತೆಗೆದುಕೊಂಡು ತಿರುಗಿಸಿ ನೋಡಿದ. ಅದೇನೆಂದು ಅರ್ಥವಾದ ಮೇಲೆ ನಕ್ಕ. ನಗುವಿನಲ್ಲಿ ಸಂತೋಷವೇನೂ ಇರಲಿಲ್ಲ.

"ಇದನ್ನ ನಾನು ಕಳಿಸ್ತೀನಾ ಇನ್ಸ್‌ಪೆಕ್ಟ್ರೇ? ಅವನು ಧಣಿ ಡ್ರೈವರ್ ಆದ್ರೆ, ಅವನ ಪಕ್ಕ ಕೂರೋ ನಾನು ಯಾರು? ಕ್ಲೀನರಾ? ಇದು ಏರ್‌ಲೈನ್ಸ್‌ನವರ ಬುದ್ಧಿ. ನಮ್ಮಂಥೋರನ್ನ ಅವರು ಕರೆಯೋದೇ ಹಾಗೆ. ಟ್ಯಾಕ್ಸಿ ಡ್ರೈವರ್ ಅಂತ."

ಮಾತು ಸರಿಯಾಗಿತ್ತು. ಅದು ತನಗೆ ಮೊದಲೇ ಹೊಳೆಯಬೇಕಿತ್ತು ಅನ್ನಿಸಿ ಏಕಾಂತಯ್ಯನಿಗೆ ತನ್ನ ಮೇಲೇ ಸ್ವಲ್ಪ ಸಿಟ್ಟು ಬಂತು. ಅದನ್ನು ತೋರಿಸದೆ ಮುಂದಿನ ಪ್ರಶ್ನೆಗೆ ಹೋದ.

"ಅವರ ಮನೆ ಗೇಟ್ ಹತ್ರ ಕೂಗಾಡಿದ್ದು ನೀವೇ ತಾನೇ? 'ನಾನು ಬಿಟ್ಟ ಸೀಟಲ್ಲಿ ಬಹಳ ದಿನ ಕೂರಲ್ಲ' ಅಂದಿದ್ದು?"

"ನಾನೇ."

"ಅದು ಬೆದರಿಕೆ."

"ಅದು ಬುದ್ಧಿಮಾತು!" ಕೃಷ್ಣಯ್ಯ ಎದ್ದು ನಿಂತ. "ಕೂಗಿದೆ, ನಿಜ. ನಾನು ಮಾತಾಡೋದೇ ಹಿಂಗೆ, ಎಂಜಿನ್ ಪಕ್ಕ ಕೂತೂ ಕೂತೂ. ಕೇಳಿ. ಫ್ಯಾಕ್ಟರಿ ಹತ್ರ ಕಂಪನಿಯವರದ್ದೇ ಒಂದು ಸಣ್ಣ ರನ್‌ವೇ ಇದೆ, ವಿಮಾನ ಇಳಿಯೋಕೆ. ಲೈಟ್ ಇಲ್ಲ, ಏನಿಲ್ಲ. ಸೂರ್ಯ ಮುಳುಗಿದ ಮೇಲೆ ಅಲ್ಲಿ ಇಳೀಬೇಕು, ಒಂದೆರಡು ಸಲ, ಯಾವ ರಿಜಿಸ್ಟರಲ್ಲೂ ಬರೀಬಾರ್ದು ಅಂತ ಶಿವಬಸಪ್ಪ ನನ್ನ ಕೇಳಿದ. ಆಗಲ್ಲ ಅಂದೆ. ಮಾರನೇ ದಿನದಿಂದ ನನಗೆ ರಜ. ಬರಬೇಡ, ಹೇಳಿ ಕಳಿಸ್ತೀವಿ ಅಂದ್ರು. ಇನ್ನು ಪಂಚಾಕ್ಷರೀನ ಕೇಳ್ತಾರೆ ಅಂತ ಗೊತ್ತಿತ್ತು. ಅದಕ್ಕೆ ಹೋದೆ."

"ಅವರೇನಂದ್ರು?"

"ನಗ್ತಾ ಇದ್ದ. 'ಆಗಲ್ಲ ಅಂದ್ರಾಯ್ತು ಬಿಡಿ' ಅಂದ." ಕೃಷ್ಣಯ್ಯ ಮತ್ತೆ ಕೂತ. ದನಿ ಇಳಿಯಿತು. "ಅವನಿಗೆ ತಿಳೀಲಿಲ್ಲ. ಏರ್‌ಲೈನ್ಸಲ್ಲಿ ಆಗಲ್ಲ ಅಂದ್ರೆ ಹಿಂದೆ ಮೂವತ್ತು ಜನ ಇರ್ತಾರೆ, ರೂಲ್ ಬುಕ್ ಇರುತ್ತೆ. ಇಲ್ಲಿ ಒಬ್ಬನೇ. ಆಗಲ್ಲ ಅಂದ್ರೆ ಹಿಂದೆ ತಿರುಗಿ ನೋಡಿದ್ರೆ ಯಾರೂ ಇರಲ್ಲ. ಅದನ್ನೇ ಕೂಗಿ ಹೇಳ್ದೆ."

ಬಾಗಿಲಲ್ಲಿ ಕಮಲಾಕ್ಷಮ್ಮ ಕಣ್ಣೊರೆಸಿಕೊಂಡಳು.

"ಅವರು ಸಾಯೋ ಮುಂಚಿನ ವಾರ ಇಲ್ಲಿಗೆ ಬಂದಿದ್ರು ಸಾರ್," ಎಂದಳು. "ಊಟ ಮಾಡ್ಕೊಂಡು ಹೋದ್ರು. ಇವರಿಬ್ರೂ ಆಗ ಚೆನ್ನಾಗೇ ಇದ್ರು."

ದೊಡ್ಡಹನುಮಯ್ಯ ವಾಪಸ್ ಬಂದು ಏಕಾಂತಯ್ಯನ ಕಿವಿಯ ಹತ್ತಿರ ಬಗ್ಗಿದ. "ಹಪ್ಪಳ ದಿಟ ಸಾ. ಹನ್ನೆರಡೂವರೆಯಿಂದ ಸಂಜೆಗಂಟ ಮಾಳಿಗೆ ಮ್ಯಾಲೇ ಇದ್ರಂತೆ. ಆ ಯಮ್ಮ ಇನ್ನೂ ಬೈತಾವ್ರೆ."

ಅಲ್ಲಿಗೆ ಕೃಷ್ಣಯ್ಯನ ಮೇಲಿನ ಅನುಮಾನ ಕೈಬಿಟ್ಟಂತಾಯಿತು. ಏಕಾಂತಯ್ಯ ಪುಸ್ತಕ ಮುಚ್ಚಿ ಎದ್ದ. ಬಾಗಿಲವರೆಗೆ ಬಂದ ಕೃಷ್ಣಯ್ಯ ಕೇಳಿದ: "ರಾತ್ರಿ ಎಷ್ಟು ಹೊತ್ತಿಗೆ ಹೋಯ್ತು ಜೀವ? ಪೇಪರಲ್ಲಿ ಸರಿಯಾಗಿ ಬರೆದಿರಲಿಲ್ಲ."

"ರಾತ್ರಿ ಎಲ್ಲಿ ಬಂತು? ಮಧ್ಯಾಹ್ನ ಎರಡರೊಳಗೆ."

ಕೃಷ್ಣಯ್ಯ ನಿಂತಲ್ಲೇ ನಿಂತ.

"ಎರಡರೊಳಗೆ ಆಗೋಕೆ ಸಾಧ್ಯ ಇಲ್ಲ."

"ಯಾಕೆ?"

"ನಾಲ್ಕೂ ಇಪ್ಪತ್ತಕ್ಕೆ ನಮ್ಮ ವಿಮಾನ ನನ್ನ ತಲೆ ಮೇಲೆ ಹೋಯ್ತು."

ಏಕಾಂತಯ್ಯ ಕುರ್ಚಿಗೆ ವಾಪಸ್ ಬಂದು ಕೂತ. "ಅವತ್ತು ವಿಮಾನ ಹಾರಲೇ ಇಲ್ಲ. ಪೈಲಟ್ ಬರಲಿಲ್ಲ, ಟ್ರಿಪ್ ಕ್ಯಾನ್ಸಲ್ ಆಯ್ತು ಅಂತ ಶಿವಬಸಪ್ಪ ಬರೆದುಕೊಟ್ಟಿದಾರೆ. ವಿಮಾನ ಶೆಡ್ಡಲ್ಲಿದೆ, ಬೀಗ ಹಾಕಿದೀವಿ ಅಂತ."

"ಬರೆದುಕೊಡ್ಲಿ. ಒಂಬತ್ತು ವರ್ಷ ಅದರ ಹೊಟ್ಟೇಲಿ ಕೂತಿದೀನಿ. ನಮ್ಮನೆ ಹಾಲಿನವನ ಸೈಕಲ್ ಬೆಲ್ಲು ಮರೆತೇನು, ಆ ಎಂಜಿನ್ ಸದ್ದು ಮರೆಯಲ್ಲ. ತಲೆ ಎತ್ತಿ ನೋಡ್ದೆ, ಹೊಟ್ಟೆ ಮೇಲೆ ಕಂಪನಿಯ ನೀಲಿ ಗೆರೆ ಇತ್ತು. ನೋಡಿ ಪಂಚಾಕ್ಷರೀನ ಬೈದೆ ಕೂಡ."

"ಬೈದಿದ್ದು ಯಾಕೆ?"

ಕೃಷ್ಣಯ್ಯ ಎರಡೂ ಅಂಗೈಗಳನ್ನು ಗಾಳಿಯಲ್ಲಿ ಅಕ್ಕಪಕ್ಕ ಹಿಡಿದ. "ಎರಡು ಎಂಜಿನ್, ಅವುಗಳ ಮುಂದೆ ತಿರುಗೋ ಎರಡು ಫ್ಯಾನು. ಎರಡನ್ನೂ ಒಂದೇ ಶ್ರುತಿಗೆ ತರಬೇಕು. ಇಲ್ಲಾಂದ್ರೆ ವ್ಹೂಂ-ವ್ಹೂಂ-ವ್ಹೂಂ ಅಂತ ಅಲೆ ಥರ ಸದ್ದು ಬರುತ್ತೆ, ಕೂತೋರಿಗೆ ತಲೆನೋವು. ಹಾರಿ ಒಂದು ನಿಮಿಷಕ್ಕೆ ಸರಿ ಮಾಡ್ಕೋಬೇಕು. ಪಂಚಾಕ್ಷರಿ ಬಂದ ಹೊಸದರಲ್ಲಿ ಅವನಿಗೂ ಗೊತ್ತಾಗ್ತಿರಲಿಲ್ಲ. ಏರ್‌ಲೈನ್ಸಲ್ಲಿ ಜೆಟ್ ಹಾರಿಸಿದೋರಿಗೆ ಫ್ಯಾನಿನ ಅಭ್ಯಾಸ ತಪ್ಪಿರುತ್ತೆ. ನಾನೇ ಪಕ್ಕ ಕೂತು ಕಲಿಸ್ದೆ. ನಾಲ್ಕು ದಿನಕ್ಕೆ ಕಲಿತ. ಅವತ್ತು ನೋಡಿದ್ರೆ ಇಲ್ಲಿಂದ ಲಗ್ಗೆರೆ ಕಡೆಗೆ ಹೋಗೋವರೆಗೂ ಅಲೆ ಅಲೆ. 'ಕಲಿಸಿದ್ದೆಲ್ಲ ನೀರಿಗೆ ಹಾಕ್ದೆಯಲ್ಲೋ' ಅಂತ ಬೈದೆ."

ಹೇಳಿ ಮುಗಿಸುವಷ್ಟರಲ್ಲಿ ಅವನಿಗೇ ಹೊಳೆಯಿತು. ಗಾಳಿಯಲ್ಲಿ ಹಿಡಿದಿದ್ದ ಅಂಗೈಗಳನ್ನು ಇಳಿಸಿದ.

"ಅದು ಪಂಚಾಕ್ಷರಿ ಅಲ್ಲ," ಎಂದ ನಿಧಾನವಾಗಿ. "ಅಲ್ಲವೇ ಅಲ್ಲ. ಯಾರೋ ಅವನು, ಈ ವಿಮಾನ ಅವನಿಗೆ ಹೊಸದು. ಜೆಟ್ ಹಾರಿಸಿ ರೂಢಿಯಾದ ಕೈ."

*

ವಿಮಾನ ನಿಲ್ದಾಣ ಊರಿನ ಇನ್ನೊಂದು ತುದಿ. ಜೀಪು ಮೈಸೂರು ರಸ್ತೆಯ ಲಾರಿಗಳ ಹಿಂದೆ ಸಿಕ್ಕಿಕೊಂಡು ಅಲ್ಲಿಗೆ ಸೇರುವಾಗ ಮೂರೂವರೆಯಾಗಿತ್ತು. ದಾರಿಯಲ್ಲಿ ದೊಡ್ಡಹನುಮಯ್ಯ ಕೇಳಿದ: "ಅಲ್ಲಾ ಸಾ, ಇಮಾನ ಹಾರದ್ನ ಯಾರಾದ್ರೂ ಬಚ್ಚಿಡಕ್ಕಾಯ್ತದಾ? ಅಷ್ಟ್ ದೊಡ್ಡದ್ನ?"

"ನಾವು ಕೇಳಲೇ ಇಲ್ಲವಲ್ಲ," ಎಂದ ಏಕಾಂತಯ್ಯ. "ಕೇಳದಿದ್ರೆ ಬಚ್ಚಿಡೋ ಕಷ್ಟನೇ ಇಲ್ಲ."

ಅದು ಅವನಿಗೆ ಚುಚ್ಚುತ್ತಲೇ ಇತ್ತು. ಮ್ಯಾನೇಜರ್ ಶಿವಬಸಪ್ಪ ಮರ್ಯಾದೆಯಿಂದ ಕೂರಿಸಿ, ಧಣಿ ಜರ್ಮನಿಗೆ ಹೋಗಿದ್ದಾರೆ, ಬಂದ ತಕ್ಷಣ ಸಂಸಾರಕ್ಕೆ ಏನಾದರೂ ಮಾಡುತ್ತಾರೆ ಎಂದು ಹೇಳಿ, ಲೆಟರ್‌ಹೆಡ್ಡಿನ ಮೇಲೆ ಟೈಪ್ ಮಾಡಿಸಿಕೊಟ್ಟಿದ್ದ. ಅದನ್ನು ಫೈಲಿಗೆ ಹಾಕಿ ಏಕಾಂತಯ್ಯ ಸುಮ್ಮನಾಗಿದ್ದ. ಕೈಕೆಳಗಿನ ಸಬ್‌ಇನ್ಸ್‌ಪೆಕ್ಟರ್ ಹೀಗೆ ಮಾಡಿದ್ದರೆ ಅವನೇ ಕರೆದು ಬೈಯುತ್ತಿದ್ದ.

ಹೊರಡುವ ವಿಮಾನಗಳ ಕಾಗದಪತ್ರ ನೋಡುವ ಕೋಣೆಯಲ್ಲಿ ಬೈರಯ್ಯ ಎಂಬ ಗುಮಾಸ್ತ ಕೂತಿದ್ದ. ವರ್ಗವಾಗಿ ಬಂದು ಮೂರು ವಾರವಷ್ಟೇ ಆಗಿತ್ತಂತೆ. ಹದಿಮೂರನೇ ತಾರೀ‌ಖಿನ ರಿಜಿಸ್ಟರ್ ಕೇಳಿದರೆ ಎರಡನೇ ಮಾತಾಡದೆ ತಂದ.

ಬೆರಳು ಸಾಲುಗಳ ಮೇಲೆ ಇಳಿಯುತ್ತ ಬಂದು ನಿಂತಿತು.

"ವಜ್ರಗಿರಿ ಸಿಮೆಂಟ್ಸ್. ಹೊರಟಿದ್ದು ನಾಲ್ಕು ಗಂಟೆ ಹನ್ನೆರಡು ನಿಮಿಷ. ಫ್ಯಾಕ್ಟರಿಗೆ, ಬಳ್ಳಾರಿ ಕಡೆ. ಪೈಲಟ್ ಕ್ಯಾಪ್ಟನ್ ಪಂಚಾಕ್ಷರಿ."

ಏಕಾಂತಯ್ಯ ರಿಜಿಸ್ಟರನ್ನು ತನ್ನ ಕಡೆ ತಿರುಗಿಸಿಕೊಂಡ. ಸಹಿ ಇತ್ತು. ಮೂರು ಇಪ್ಪತ್ತೈದಕ್ಕೆ ಹಾಕಿದ್ದು. ಆ ಹೊತ್ತಿಗೆ ಆ ಹೆಸರಿನ ಮನುಷ್ಯ ಮಲ್ಲತ್ತಹಳ್ಳಿ ಕೆರೆಯ ನೀರಿನೊಳಗೆ ಕೂತಿದ್ದ.

"ಈ ಸೈನ್ ಹಾಕಿದೋರನ್ನ ನೀವೇ ನೋಡಿದ್ರಾ?"

"ನಾನೇ ಇದ್ದೆ ಸಾರ್. ಎತ್ತರದ ಆಳು. ಕರೀ ಕನ್ನಡಕ, ಹೆಗಲ ಮೇಲೆ ನಾಲ್ಕು ಗೆರೆ. ನಮಸ್ಕಾರ ಅಂದ್ರು, ಸೈನ್ ಹಾಕಿದ್ರು. ನಾನು ಹೊಸಬ, ಎಲ್ಲರ ಮುಖ ಇನ್ನೂ ಗೊತ್ತಿಲ್ಲ. ತೀರಿಹೋದ್ರು ಅಂತ ಪೇಪರಲ್ಲಿ ನೋಡ್ದೆ, ಹಾರಾಟ ಮುಗಿಸಿ ಬಂದ ಮೇಲೇನೋ ಅಂದ್ಕೊಂಡೆ."

"ವಾಪಸ್ ಯಾವಾಗ ಬಂತು?"

ಬೈರಯ್ಯ ಒಂದು ಹಾಳೆ ಮಗುಚಿದ. ಇನ್ನೊಂದು ಮಗುಚಿದ. ಇವತ್ತಿನ ಹಾಳೆಯವರೆಗೂ ಬಂದು ತಲೆ ಎತ್ತಿದ.

"ಬಂದಿಲ್ಲ ಸಾರ್. ಐದೂಕಾಲಿಗೆ ಫ್ಯಾಕ್ಟರಿಯಿಂದ ಫೋನ್ ಬಂತು, ಕ್ಷೇಮವಾಗಿ ಇಳೀತು ಅಂತ. ಬರ್ಕೊಂಡಿದೀನಿ. ಆಮೇಲೆ ಅದರ ಸುದ್ದಿ ಇಲ್ಲ."

ದೊಡ್ಡಹನುಮಯ್ಯ ಹೊರಗೆ ಶೆಡ್ಡುಗಳ ಕಡೆಗೆ ನೋಡಿದ. ಬೀಗ ಹಾಕಿದ ಶೆಡ್ಡಿನೊಳಗೆ ಇರುವುದು ಬರೀ ಗಾಳಿ ಎಂದು ಅವನಿಗೂ ಅರ್ಥವಾಗಿತ್ತು.

"ಒಳಗೆ ಎಷ್ಟು ಜನ ಇದ್ರು?"

"ಪೈಲಟ್ ಬಿಟ್ರೆ ಒಬ್ಬರೇ. ಇಲ್ಲಿದೆ ನೋಡಿ." ಬೈರಯ್ಯ ಕೊನೆಯ ಅಂಕಣ ತೋರಿಸಿದ.

ದುಂಡು ಅಕ್ಷರಗಳಲ್ಲಿ ಬರೆದಿತ್ತು: ಶ್ರೀಮತಿ ಗಿರಿಜಾದೇವಿ, ಕ್ಯಾಪ್ಟನ್ ಪಂಚಾಕ್ಷರಿಯವರ ಪತ್ನಿ.

ಏಕಾಂತಯ್ಯ ಆ ಸಾಲನ್ನು ಎರಡನೇ ಸಲ ಓದಿದ. ಹದಿಮೂರನೇ ತಾರೀಖು ಸಂಜೆ ಆರಕ್ಕೆ ಬಸವೇಶ್ವರನಗರದ ಮನೆಗೆ ಹೋಗಿ ಗಿರಿಜಾದೇವಿಗೆ ಸುದ್ದಿ ಮುಟ್ಟಿಸಿದವನು ಅವನೇ. ಹಿಟ್ಟಿನ ಕೈಯಲ್ಲಿ ಬಾಗಿಲು ತೆರೆದಿದ್ದಳು.

"ಆ ಹೆಂಗಸಿಗೆ ವಯಸ್ಸೆಷ್ಟು ಇರಬಹುದು?"

"ಹೆಂಗಸು ಅನ್ನೋಕಾಗಲ್ಲ ಸಾರ್. ಹುಡುಗಿ. ಇಪ್ಪತ್ತು ದಾಟಿರಲಿಲ್ಲ. ಕ್ಯಾಪ್ಟನ್‌ಗೆ ಇಷ್ಟು ಚಿಕ್ಕ ಹೆಂಡತೀನಾ ಅಂತ ನನಗೂ ಒಂಥರಾ ಆಯ್ತು. ಹುಷಾರಿರಲಿಲ್ಲ ಅನ್ಸುತ್ತೆ, ಕಣ್ಣು ಬಿಡೋಕಾಗ್ತಿರಲಿಲ್ಲ. ಕ್ಯಾಪ್ಟನ್ ತೋಳು ಹಿಡ್ಕೊಂಡೇ ನಡೆಸ್ಕೊಂಡು ಬಂದ್ರು, ಆ ಬೆಂಚಿನ ಮೇಲೆ ಕೂರಿಸಿದ್ರು."

"ಏನಾದ್ರೂ ಮಾತಾಡಿದ್ಲಾ?"

ಬೈರಯ್ಯ ರಿಜಿಸ್ಟರ್ ಮುಚ್ಚಿದ. ಮುಚ್ಚಿದ ರಟ್ಟಿನ ಮೇಲೆ ಕೈ ಇಟ್ಟುಕೊಂಡೇ ಇದ್ದ.

"ಅವರು ಸೈನ್ ಹಾಕ್ತಾ ಇದ್ದಾಗ ನಾನು ನೀರು ಕೊಟ್ಟೆ. ನನ್ನ ಕೈ ಗಟ್ಟಿಯಾಗಿ ಹಿಡ್ಕೊಂಡ್ಲು. 'ಅಣ್ಣಾ, ನಾನು ಗಿರಿಜಾದೇವಿ ಅಲ್ಲ' ಅಂದ್ಲು. 'ಜ್ವರ ಕಣ್ರೀ, ಬಡಬಡಿಸ್ತಾ ಇದಾಳೆ' ಅಂದ್ರು ಕ್ಯಾಪ್ಟನ್. ನಾನೂ ಹೌದೇನೋ ಅಂದ್ಕೊಂಡೆ ಸಾರ್."